ರ‍್ಯಾಮ್ ಜಾಸ್ತಿ ಮಾಡಿಸಿದ ಮೇಲೆ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿದೆ: ಕರೆಂಟಿನ ತೊಂದರೆಯಾ, ರ‍್ಯಾಮಿನದಾ?

ಗೋಣಿಕೊಪ್ಪ ಆಲ್ಬಂ:

ಎಲ್ಲರಿಗೂ ನಮಸ್ಕಾರ. ನಾನು ಗೋಣಿಕೊಪ್ಪದಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುತ್ತೇನೆ. ಏಪ್ರಿಲ್, ಮೇ ಮದುವೆಗಳ ಕೆಲಸವೆಲ್ಲ ಮಳೆಗಾಲದಲ್ಲಿ ಕೂತು ಮುಗಿಸುವುದು. ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ನಮ್ಮ ಕೊಡಗಿನಲ್ಲಿ ಮದುವೆ ಇರುವುದಿಲ್ಲ, ಫೋನೂ ಕಡಿಮೆ. ಈ ಬಿಡುವು ನೋಡಿಕೊಂಡೇ ಕಂಪ್ಯೂಟರಿಗೆ ರ‍್ಯಾಮ್ ಹಾಕಿಸಿದೆ. ಅವತ್ತಿನಿಂದ ನೆಮ್ಮದಿ ಇಲ್ಲ.

ರೈಜನ್ 5 3600 ಪ್ರೊಸೆಸರ್, ಬಿ450 ಬೋರ್ಡ್, ನಾಲ್ಕು ಸ್ಲಾಟ್. ಮೊದಲು 8 ಜಿಬಿಯ ಎರಡು ಸ್ಟಿಕ್ ಇತ್ತು, ಡಿಡಿಆರ್4, ವೇಗ 2666. ಖಾಲಿ ಇದ್ದ ಎರಡು ಸ್ಲಾಟಿಗೆ 16 ಜಿಬಿಯ ಎರಡು ಹಾಕಿಸಿದೆ, ಅವು 3200. ಒಟ್ಟು 48 ಜಿಬಿ. ಅಂಗಡಿಯವರೇ ಬೋರ್ಡಿನ ಸೆಟ್ಟಿಂಗ್ ಇರುವ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ, ಇನ್ನು ಎಲ್ಲವೂ 3200ಕ್ಕೆ ಓಡುತ್ತದೆ ಎಂದರು. ಟಾಸ್ಕ್ ಮ್ಯಾನೇಜರ್‌ನಲ್ಲೂ ಹಾಗೇ ತೋರಿಸುತ್ತಿದೆ.

ಬಿಲ್ ಬರೆಯುವಾಗ, ಬ್ರೌಸರ್ ನೋಡುವಾಗ ಏನೂ ಆಗುವುದಿಲ್ಲ. ಫೋಟೋಶಾಪ್‌ನಲ್ಲಿ 12 × 36 ಇಂಚಿನ ಶೀಟ್ ತೆರೆದು, ಲೇಯರ್‌ಗಳು ಏರುತ್ತಾ ಹೋಗಿ, ಸೇವ್ ಒತ್ತಿದೆ ಅಂದರೆ ಪರದೆ ಕಪ್ಪಾಗುತ್ತದೆ. ಮತ್ತೆ ಬೋರ್ಡಿನ ಲೋಗೋ ಬರುತ್ತದೆ. ಕೆಲವು ಸಲ ನೀಲಿ ಪರದೆ ಮಿಂಚಿ ಮಾಯವಾಗುತ್ತದೆ, ಓದಲು ಬಿಡುವುದೇ ಇಲ್ಲ.

ಅಂಗಡಿಯವರನ್ನು ಕೇಳಿದರೆ, "48 ತೋರಿಸ್ತಿದೆ ಅಲ್ವಾ, ರ‍್ಯಾಮ್ ಸರಿ ಇದೆ, ನಿಮ್ಮಲ್ಲಿ ಕರೆಂಟ್ ಸರಿ ಇಲ್ಲ" ಎನ್ನುತ್ತಾರೆ. ಮನೆಯಲ್ಲಿ ಕೇಳಿದರೆ ಥಂಡಿ ಎನ್ನುತ್ತಾರೆ. ಮಳೆಗಾಲದಲ್ಲಿ ನಮ್ಮ ಕಡೆ ಏನು ಕೆಟ್ಟರೂ ಈ ಎರಡೇ ಕಾರಣ. ಆದರೆ ಯುಪಿಎಸ್ ಇದೆ. ಕರೆಂಟು ಸರಿಯಾಗಿ ಇರುವಾಗಲೂ ಹೀಗಾಗುತ್ತದೆ. ಹೋದ ಮಳೆಗಾಲದಲ್ಲಿ ಇದೇ ರೂಮಿನಲ್ಲಿ, ಇದೇ ಯುಪಿಎಸ್‌ನಲ್ಲಿ ಚೆನ್ನಾಗೇ ಇತ್ತು.

ಕಂಪ್ಯೂಟರ್ ಹಾಳಾದರೆ ಇನ್ನೊಂದು ತರಬಹುದು. ಇದರೊಳಗೆ ಬೇರೆಯವರ ಮನೆಯ ಮದುವೆ ಇದೆ. ಆ ಫೋಟೋಗಳನ್ನು ಮತ್ತೆ ತೆಗೆಯಲು ಆಗುವುದಿಲ್ಲ. ಮೊದಲು ಯಾವುದನ್ನು ನೋಡಲಿ, ತಿಳಿದವರು ಹೇಳಿ.

ಕುಶಾಲನಗರ ಸಿಸ್ಟಮ್ಸ್:

ಅಕ್ಕ, ಥಂಡಿಯನ್ನು ಪೂರ್ತಿ ತಳ್ಳಿಹಾಕಬೇಡಿ. ನಮ್ಮ ಊರಲ್ಲೇ ಇಷ್ಟು ಮಳೆ, ನಿಮ್ಮ ಕಡೆ ಕೇಳಬೇಕೇ. ಕ್ಯಾಬಿನೆಟ್ ಒಳಗೆ ಬೂಷ್ಟು ಹಿಡಿದದ್ದನ್ನೂ ನೋಡಿದ್ದೇನೆ. ಪವರ್ ತೆಗೆದು ನಾಲ್ಕೂ ಸ್ಟಿಕ್ ಬಿಚ್ಚಿ. ಬಂಗಾರದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ರಬ್ಬರಿನಿಂದ ಉಜ್ಜುವವರಿದ್ದಾರೆ, ಅದರ ಪುಡಿ ಸ್ಲಾಟಿಗೆ ಬಿದ್ದರೆ ಇನ್ನೊಂದು ಕಾಟ. ವಾಪಸ್ ಹಾಕುವಾಗ ಲಾಕ್ ಟಕ್ ಎನ್ನುವವರೆಗೆ ಒತ್ತಿ.

ಮಡಿಕೇರಿ ರಿಪೇರಿ:

ಒರೆಸಿ ಹಾಕುವುದು ಒಳ್ಳೆಯದೇ. ಆದರೆ ನಿಮ್ಮ ಲಕ್ಷಣಕ್ಕೆ ಅದು ಅಷ್ಟು ಹೊಂದುವುದಿಲ್ಲ. ಭಾರದ ಕೆಲಸ ಮಾಡುವಾಗ ಮಾತ್ರ ಬೀಳುತ್ತಿದೆ, ಅದೂ ರ‍್ಯಾಮ್ ಹಾಕಿದ ಮೇಲೆ. ನನಗೆ ಅನುಮಾನ ಇರುವುದು ಆ ಎಕ್ಸ್‌ಎಂಪಿ ಮೇಲೆ.

48 ತೋರಿಸುತ್ತದೆ ಅಂದರೆ ಬೋರ್ಡು ಸ್ಟಿಕ್‌ಗಳನ್ನು ಗುರುತಿಸಿದೆ, ಅಷ್ಟೇ. ತುಂಬಿದಾಗ ತಪ್ಪಿಲ್ಲದೆ ನಡೆಯುತ್ತದೆ ಅಂತ ಅದರಿಂದ ಗೊತ್ತಾಗುವುದಿಲ್ಲ. ಎಕ್ಸ್‌ಎಂಪಿ ಅಂದರೆ ಸ್ಟಿಕ್ ತಯಾರಿಸಿದವರು ಅದರಲ್ಲೇ ಬರೆದಿಟ್ಟ ವೇಗ, ಟೈಮಿಂಗ್, ವೋಲ್ಟೇಜ್. ಹೊಸ ಜೋಡಿಯ ಲೆಕ್ಕವನ್ನು ನಾಲ್ಕಕ್ಕೂ ಹೇರಿದರೆ ನಿಮ್ಮ 2666ರ ಹಳೆಯ ಜೋಡಿಯೂ 3200ಕ್ಕೆ ಓಡಬೇಕಾಗುತ್ತದೆ. ಅದನ್ನು ಆ ವೇಗಕ್ಕೆ ಮಾಡಿಯೇ ಇಲ್ಲ.

ಇನ್ನೊಂದು ವಿಷಯವನ್ನು ಅಂಗಡಿಗಳಲ್ಲಿ ಯಾರೂ ಹೇಳುವುದಿಲ್ಲ. ರ‍್ಯಾಮ್ ನಡೆಸುವ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೆ. ರೈಜನ್ 3000 ಸಾಲಿಗೆ ಎಎಂಡಿ ಕೊಟ್ಟ 3200ರ ಲೆಕ್ಕ ಎರಡು ಸ್ಟಿಕ್ಕಿನದು. ನಾಲ್ಕೂ ಸ್ಲಾಟ್ ತುಂಬಿದರೆ ಅದು ಇಳಿಯುತ್ತದೆ: ಸ್ಟಿಕ್ಕಿನ ಚಿಪ್‌ಗಳು ಒಂದೇ ಗುಂಪಾಗಿರುವ ಸಿಂಗಲ್ ರ‍್ಯಾಂಕ್ ಆದರೆ 2933, ಎರಡು ಗುಂಪಾಗಿರುವ ಡ್ಯುಯಲ್ ರ‍್ಯಾಂಕ್ ಆದರೆ 2667. ಅದಕ್ಕಿಂತ ಮೇಲೆ ಓಡಿದರೆ ಅದೃಷ್ಟ.

ಕರೆಂಟಾ, ರ‍್ಯಾಮಾ ಅಂತ ಬೇರೆ ಮಾಡಲು ದಾರಿ ಇದೆ. ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್‌ನ ಸಿಸ್ಟಮ್‌ನಲ್ಲಿ ಕರ್ನಲ್-ಪವರ್ 41 ಹುಡುಕಿ. ಪವರ್ ಅಂತ ಹೆಸರಿದೆ ಅಂತ ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ) ಬದಲಾಯಿಸಲು ಓಡಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಅಂತ ಮಾತ್ರ ಅದರ ಅರ್ಥ. ಅದರ ಡೀಟೇಲ್ಸ್‌ನಲ್ಲಿ ಬಗ್‌ಚೆಕ್‌ಕೋಡ್ ನೋಡಿ. 0 ಇದ್ದರೆ ಕರೆಂಟು, ಎಸ್‌ಎಂಪಿಎಸ್, ಬಿಸಿ, ಪೂರ್ತಿ ಹ್ಯಾಂಗ್ ಯಾವುದೂ ಆಗಬಹುದು. 26 ಇದ್ದರೆ ಅದು ಮೆಮೊರಿ ಮ್ಯಾನೇಜ್‌ಮೆಂಟ್ ಎನ್ನುವ ನೀಲಿ ಪರದೆ. ಅಂದರೆ ವಿಂಡೋಸ್ ಎಚ್ಚರ ಇರುವಾಗಲೇ ಬಿದ್ದಿದೆ, ವೈರಿನಲ್ಲಿ ಕರೆಂಟು ಇತ್ತು.

ನೀಲಿ ಪರದೆ ನಿಲ್ಲಬೇಕಾದರೆ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ, ಸ್ಟಾರ್ಟಪ್ ಅಂಡ್ ರಿಕವರಿಯಲ್ಲಿ ಆಟೊಮ್ಯಾಟಿಕಲಿ ರೀಸ್ಟಾರ್ಟ್ ಟಿಕ್ ತೆಗೆಯಿರಿ.

ಆಮೇಲೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿ. ಹೊಸ ಜೋಡಿ ಒಂದೇ, ಹಳೆಯ ಜೋಡಿ ಒಂದೇ, ಆಮೇಲೆ ನಾಲ್ಕೂ. ಎರಡೇ ಹಾಕುವಾಗ ಪ್ರೊಸೆಸರಿನ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್. ಗಂಟೆಗಟ್ಟಲೆ ಹಿಡಿಯುತ್ತದೆ, ಮಧ್ಯೆ ಕರೆಂಟು ಹೋದರೆ ಮೊದಲಿನಿಂದ. ಮರ ಬಿದ್ದು ಲೈನ್ ಹೋಗುವ ದಿನಗಳು ಇವು, ನೋಡಿಕೊಂಡು ಶುರು ಮಾಡಿ. ಒಂದೇ ಒಂದು ಎರರ್ ಬಂದರೂ ಅದು ಎರರ್ರೇ. ಒಂದೇ ತಾನೇ ಅಂತ ಬಿಡಬೇಡಿ.

ಎಲ್ಲಕ್ಕಿಂತ ಮುಂಚೆ: ಟೆಸ್ಟ್ ಮುಗಿಯುವವರೆಗೆ ಈ ಕಂಪ್ಯೂಟರಿನಲ್ಲಿ ಫೋಟೋ ಕಾಪಿ ಮಾಡಬೇಡಿ, ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಕಾಪಿ ಆಗುವ ಫೈಲ್ ರ‍್ಯಾಮ್ ಮೂಲಕವೇ ಹೋಗುವುದು. ಅಲ್ಲಿ ಕೆಟ್ಟರೆ ಡಿಸ್ಕ್‌ಗೆ ಕೆಟ್ಟದ್ದೇ ಬರೆಯುತ್ತದೆ, ಯಾವ ಮೆಸೇಜೂ ಬರುವುದಿಲ್ಲ.

ವಿರಾಜಪೇಟೆ ಓದುಗ:

ಎಸ್‌ಎಂಪಿಎಸ್‌ಗೆ ಭಾರ ಜಾಸ್ತಿ ಆಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎರಡು ಸ್ಟಿಕ್ ಎಳೆಯುವುದು ಕೆಲವೇ ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಆ ಮಾತು ಬೇರೆ.

ಗೋಣಿಕೊಪ್ಪ ಆಲ್ಬಂ:

ತಡವಾಯಿತು, ಇಲ್ಲಿ ಲೈನ್ ಹೋಗಿ ಬರುತ್ತಿತ್ತು.

ಕರ್ನಲ್-ಪವರ್ 41 ಸಾಲಾಗಿ ಇತ್ತು. ಹೆಚ್ಚಿನದರಲ್ಲಿ ಬಗ್‌ಚೆಕ್‌ಕೋಡ್ 26. ಹೊಸ ಜೋಡಿ ಮಾತ್ರ ಹಾಕಿ 3200ರಲ್ಲಿ ಟೆಸ್ಟ್ ಬಿಟ್ಟೆ, ಎರರ್ ಇಲ್ಲ. ಹಳೆಯ ಜೋಡಿ 2666ರಲ್ಲಿ, ಎರರ್ ಇಲ್ಲ. ನಾಲ್ಕೂ ಹಾಕಿ ಎಕ್ಸ್‌ಎಂಪಿ ಆನ್ ಇಟ್ಟೆ. ಸ್ವಲ್ಪ ಹೊತ್ತಿಗೇ ಕೆಂಪು ಸಾಲುಗಳು ಬರತೊಡಗಿದವು. ಎಕ್ಸ್‌ಎಂಪಿ ಆಫ್ ಮಾಡಿ 2666ಕ್ಕೆ ಇಳಿಸಿ ರಾತ್ರಿ ಪೂರ್ತಿ ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಎರರ್ 0. ನಾಲ್ಕು ಸ್ಟಿಕ್ಕಿನಲ್ಲಿ ಒಂದೂ ಕೆಟ್ಟಿಲ್ಲ!

ಮಡಿಕೇರಿಯವರ ಕೊನೆಯ ಮಾತು ಓದಿ ರ‍್ಯಾಮ್ ಹಾಕಿಸಿದ ಮೇಲೆ ಕಾಪಿ ಮಾಡಿದ ಫೋಲ್ಡರ್‌ಗಳನ್ನು ತೆರೆದು ನೋಡಿದೆ. ಒಂದು ಗಂಗಾಪೂಜೆಯ ಫೋಟೋ, ಮದುಮಗಳು ನೀರಿನ ಕೊಡ ಹೊರುವ ಶಾಸ್ತ್ರ. ಮದುಮಗಳ ತಲೆಯ ಮೇಲಿನ ಕೊಡ ಸರಿ ಇದೆ, ಹಣೆವರೆಗೂ ಸರಿ ಇದೆ. ಅಲ್ಲಿಂದ ಕೆಳಗೆ ಬರೀ ಬೂದು ಬಣ್ಣ. ಕೈಕಾಲು ತಣ್ಣಗಾಯಿತು. ಕಾರ್ಡಿನಲ್ಲಿ ಮೂಲ ಫೈಲ್ ಹಾಗೇ ಇದೆ, ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದೆ, ಮುಖ ಪೂರ್ತಿ ಇದೆ. ಕಾರ್ಡ್ ಖಾಲಿ ಮಾಡದೆ ಇದ್ದದ್ದೇ ಪುಣ್ಯ.

ಈಗ ಒಂದೇ ಪ್ರಶ್ನೆ. 32 ಜಿಬಿಯನ್ನು 3200ರಲ್ಲಿ ಇಟ್ಟುಕೊಳ್ಳಲಾ, 48ನ್ನು 2666ರಲ್ಲಾ?

ಮಡಿಕೇರಿ ರಿಪೇರಿ:

ಶೀಟ್ ತೆರೆದಿರುವಾಗ ಟಾಸ್ಕ್ ಮ್ಯಾನೇಜರ್ ನೋಡಿ. 32ರ ಒಳಗೇ ಇದ್ದರೆ ಹಳೆಯ ಜೋಡಿ ತೆಗೆಯಿರಿ, ರೈಜನ್‌ಗೆ ರ‍್ಯಾಮ್ ವೇಗ ಸ್ವಲ್ಪ ಸಹಾಯ ಮಾಡುತ್ತದೆ. 32 ದಾಟುತ್ತಿದ್ದರೆ 48 ಇಟ್ಟುಕೊಳ್ಳಿ. ರ‍್ಯಾಮ್ ಸಾಲದೆ ಫೋಟೋಶಾಪ್ ಸ್ಕ್ರ್ಯಾಚ್ ಡಿಸ್ಕ್‌ಗೆ, ಅಂದರೆ ಡ್ರೈವಿನ ತಾತ್ಕಾಲಿಕ ಜಾಗಕ್ಕೆ, ಬರೆಯತೊಡಗಿದರೆ ಆಗುವ ನಿಧಾನದ ಮುಂದೆ 2666, 3200 ವ್ಯತ್ಯಾಸ ಏನೂ ಅಲ್ಲ.

ಆ ಬೂದು ಫೋಟೋ ರ‍್ಯಾಮ್ ಎರರ್‌ನಿಂದಲೂ ಆಗಿರಬಹುದು, ಬರೆಯುವಾಗ ರೀಸ್ಟಾರ್ಟ್ ಆಗಿದ್ದರಿಂದಲೂ ಆಗಿರಬಹುದು. ಎರಡಕ್ಕೂ ಮದ್ದು ಒಂದೇ. ಆ ದಿನಗಳಲ್ಲಿ ಕಾಪಿ ಮಾಡಿದ್ದನ್ನು, ಸೇವ್ ಮಾಡಿದ್ದನ್ನು ನಂಬಬೇಡಿ. ಕಣ್ಣಿಗೆ ಸರಿ ಕಂಡ ಫೋಟೋಗಳನ್ನೂ ಕಾರ್ಡಿನಿಂದ ಮತ್ತೆ ತನ್ನಿ.

ಗೋಣಿಕೊಪ್ಪ ಆಲ್ಬಂ:

ನೋಡಿದೆ, ದೊಡ್ಡ ಶೀಟ್‌ಗಳಲ್ಲಿ 35 ದಾಟುತ್ತಿದೆ. 48 ಇಟ್ಟುಕೊಂಡು 2666ರಲ್ಲೇ ಓಡಿಸುತ್ತೇನೆ. ಕಾರ್ಡಿನಿಂದ ಕಾಪಿ ಈಗಾಗಲೇ ಶುರುವಾಗಿದೆ. ಆ ವಾರ ಎಕ್ಸ್‌ಪೋರ್ಟ್ ಮಾಡಿದ ಶೀಟ್‌ಗಳನ್ನೆಲ್ಲ ಅಳಿಸಿ ಮತ್ತೆ ಮಾಡುತ್ತೇನೆ, ಪ್ರಿಂಟಿಗೆ ಕಳಿಸುವುದು ಆಮೇಲೆ. ಅಂಗಡಿಯವರಿಗೂ ಈ ಟೆಸ್ಟಿನ ಫೋಟೋ ತೋರಿಸುತ್ತೇನೆ. ಅವರಲ್ಲಿ ಹೀಗೇ ಹಾಕಿಸಿಕೊಂಡವರು ಇನ್ನೂ ಇರಬಹುದು ಅಲ್ವಾ.