ಅಪ್ಪನ ಸ್ಕೂಟರ್‌ನ ಸೈಡ್ ವ್ಹೀಲ್, ಓಣಿಯ ಬುಲೆಟ್‌ನ ಸೈಲೆನ್ಸರ್: ಎರಡೂ ಬ್ಯಾನ್ ಆಗಬೇಕಾ?

ಪ್ರಶ್ನೆ: ಕೇಶ್ವಾಪುರದವ
ನಮ್ಮ ಓಣಿಯ ಹುಡುಗನೊಬ್ಬ ಬುಲೆಟ್‌ಗೆ ಕಂಪನಿಯದು ಬಿಚ್ಚಿಸಿ ಜೋರು ಸದ್ದಿನ ಇಂದೋರಿ ಸೈಲೆನ್ಸರ್ ಹಾಕಿಸಿದ್ದಾನೆ. ರಾತ್ರಿ ಹನ್ನೊಂದಕ್ಕೆ ತಿರುವಿನಲ್ಲಿ ಎಕ್ಸಿಲೇಟರ್ ಹಿಂಡಿ 'ಪಟಾಕಿ' ಹೊಡೆಸುತ್ತಾನೆ. ಅಡುಗೆಮನೆ ಮಾಡದಲ್ಲಿರುವ ಸ್ಟೀಲ್ ಲೋಟ ಗಲಗಲ ಅಂತವೆ. ಬಾಣಂತನಕ್ಕೆ ಬಂದ ಅಕ್ಕನ ಕೂಸು ಚೀರಿ ಎದ್ದರೆ ಮತ್ತೆ ಮಲಗಿಸಲು ಒಂದು ತಾಸು. ಹೇಳಲು ಹೋದರೆ, 'ಅಣ್ಣಾ, ಗಾಡಿ ನಂದು, ರೊಕ್ಕ ನಂದು' ಅಂದ.

ಮಾಡಿಫಿಕೇಶನ್ ಪೂರ್ತಿ ಬ್ಯಾನ್ ಮಾಡಬೇಕು ಅಂತ ಬೈಯುತ್ತಲೇ ಮನೆಗೆ ಬಂದೆ. ಅಂಗಳದಲ್ಲಿ ಅಪ್ಪನ ಸ್ಕೂಟರ್ ನಿಂತಿತ್ತು. ಅಪ್ಪನ ಎಡಗಾಲಿಗೆ ಪೋಲಿಯೋ. ಹಿಂದೆ ಎರಡು ಸೈಡ್ ವ್ಹೀಲ್ ಹಾಕಿಸಿ ಹನ್ನೆರಡು ವರ್ಷ ಆಯಿತು, ಆರ್‌ಸಿಯಲ್ಲಿ ಏನೂ ಬರೆಸಿಲ್ಲ. ಅದೂ ಮಾಡಿಫಿಕೇಶನ್ನೇ ಅಲ್ವಾ?

ಉತ್ತರ: ಗೋಕುಲ್ ರೋಡ್ ಗ್ಯಾರೇಜ್
ಹೌದ್ರೀ, ಎರಡೂ ಮಾಡಿಫಿಕೇಶನ್ನೇ. ಆದರೆ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಕಂಪನಿ ಸೈಲೆನ್ಸರ್ ಒಳಗೆ ತೂತಿನ ಪೈಪು, ಸಣ್ಣ ಸಣ್ಣ ಖಾನೆ ಇರುತ್ತವೆ. ಸದ್ದು ಅದರಲ್ಲಿ ಸುತ್ತಿ ಸುತ್ತಿ ಸುಸ್ತಾಗಿ ಹೊರಗೆ ಬರುತ್ತದೆ. ಇವರು ಹಾಕಿಸುವುದು ಹೆಚ್ಚು ಕಡಿಮೆ ಖಾಲಿ ಕೊಳವೆ. 350 ಸಿಸಿ ಗಾಡಿಗೆ ಕಂಪನಿಯಿಂದ ಬರುವಾಗಲೇ ಸದ್ದಿಗೆ 80 ಡೆಸಿಬಲ್ ಮಿತಿ ಇದೆ, ಖಾಲಿ ಕೊಳವೆ ಅದನ್ನೆಲ್ಲಿ ಕೇಳುತ್ತದೆ? ನಾನೂ ಮೊದಲು ಹಾಕಿ ಕೊಡುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಈಗ ಗಿರಾಕಿ ಸಿಟ್ಟಾದರೂ ಹಾಕಲ್ಲ. ಸೈಡ್ ವ್ಹೀಲ್ ಮಾತ್ರ ಇವತ್ತೂ ಕೂರಿಸಿ ಕೊಡುತ್ತೇನೆ.

ಉತ್ತರ: ಧಾರವಾಡ ಕೋರ್ಟ್ ಓಡಾಟ
ಬ್ಯಾನ್ ಹೊಸದಾಗಿ ತರುವ ಮಾತೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿ. ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿ ಕೊಟ್ಟದ್ದಕ್ಕೂ ತಾಳೆಯಾಗದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿ ಆದ ಮೇಲೆ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ನಿಮ್ಮ ಅಪ್ಪನಂಥವರಿಗೆ ಅದೇ ಕಲಂನಲ್ಲಿ ದಾರಿ ಬಿಟ್ಟಿದ್ದಾರೆ. ಅಂಗವಿಕಲರಿಗಾಗಿ ಗಾಡಿ ಬದಲಿಸಿದ ಮೇಲೂ ಆರ್‌ಟಿಓ ಒಪ್ಪಿಗೆ ತಗೊಳ್ಳಬಹುದು. ಸುಮ್ನೆ ಬಿಡಬೇಡಿ, ಬರೆಸಿಬಿಡಿ.

ಉತ್ತರ: ಹಾವೇರಿ ರೈತ
ಬುಲೆಟ್ ಸದ್ದಾದರೂ ಮಾಡುತ್ತದೆ, ಬಂತು ಅಂತ ಗೊತ್ತಾಗುತ್ತದೆ. ನಮ್ಮ ಕಡೆ ಟ್ರ್ಯಾಕ್ಟರ್‌ಗೆ ಆಳೆತ್ತರ ಸ್ಪೀಕರ್ ಕೂರಿಸುತ್ತಾರೆ, ಟ್ರೇಲರ್ ಹಿಂದೆ ಒಂದು ಕೆಂಪು ಲೈಟ್ ಇರಲ್ಲ. ಹೋದ ಸುಗ್ಗಿಯಲ್ಲಿ ರಾತ್ರಿ ಹೈವೇ ಮೇಲೆ ಅಂಥದೊಂದರ ಹಿಂದೆ ಇನ್ನೇನು ನುಗ್ಗಿಬಿಡುತ್ತಿದ್ದೆ, ಬ್ರೇಕ್ ಹಿಡಿಯಿತು. ಮೊದಲು ಅದನ್ನು ಹಿಡಿಯಲಿ.

ಕೇಶ್ವಾಪುರದವ
ಸೋಮವಾರ ಆರ್‌ಸಿ, ಇನ್ಶೂರೆನ್ಸ್, ಅಪ್ಪನ ಅಂಗವಿಕಲರ ಕಾರ್ಡ್ ತಗೊಂಡು ಆರ್‌ಟಿಓಗೆ ಹೋಗುತ್ತೇನೆ. ಸ್ಕೂಟರನ್ನೂ ಒಯ್ಯಬೇಕಾ? ಅಪ್ಪ ಆಗಲೇ ತೊಳೆದು ನಿಲ್ಲಿಸಿದ್ದಾರೆ.