ಕ್ವೆರ್ಸೆಟಿನ್ ಕ್ಯಾಪ್ಸೂಲ್: ಅಲರ್ಜಿಗೂ ರಕ್ತದೊತ್ತಡಕ್ಕೂ ಉಪಯೋಗವಿದೆಯೇ?

ಪ್ರಶ್ನೆ:
ನಮಸ್ಕಾರ. ನನ್ನ ತಾಯಿಯವರಿಗೆ ವರ್ಷದಲ್ಲಿ ಕೆಲವು ತಿಂಗಳು ಸೀನು, ಮೂಗು ಸೋರುವುದು, ಕಣ್ಣುರಿ ಬಿಡುವುದೇ ಇಲ್ಲ. ಜೊತೆಗೆ ರಕ್ತದೊತ್ತಡವೂ ಇದೆ. ಎರಡಕ್ಕೂ ಒಳ್ಳೆಯದೆಂದು ಪರಿಚಿತರೊಬ್ಬರು ಕ್ವೆರ್ಸೆಟಿನ್ ಎಂಬ ಫ್ಲೇವನಾಯ್ಡ್‌ನ (ಸಸ್ಯಗಳಲ್ಲಿರುವ ಒಂದು ಬಗೆಯ ವಸ್ತು) 500 ಮಿಲಿಗ್ರಾಂ ಕ್ಯಾಪ್ಸೂಲ್‌ಗಳನ್ನು ತಂದುಕೊಟ್ಟಿದ್ದಾರೆ. ತಾಯಿಯವರು ಹೃದಯದ ತೊಂದರೆಗೆ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಸಹ ತೆಗೆದುಕೊಳ್ಳುತ್ತಿರುವುದರಿಂದ ಶುರು ಮಾಡಲು ಧೈರ್ಯ ಬರುತ್ತಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಅಲರ್ಜಿಯಾದಾಗ ದೇಹದ ರಕ್ಷಣಾ ವ್ಯವಸ್ಥೆಯ ಮಾಸ್ಟ್ ಕೋಶಗಳು ಹೊರಬಿಡುವ ಹಿಸ್ಟಮಿನ್ ಎಂಬ ರಾಸಾಯನಿಕದಿಂದಲೇ ಸೀನು, ತುರಿಕೆಗಳು ಉಂಟಾಗುತ್ತವೆ. ಪ್ರಯೋಗಾಲಯದಲ್ಲಿ ಈ ಕೋಶಗಳಿಗೆ ಕ್ವೆರ್ಸೆಟಿನ್ ಸೇರಿಸಿದರೆ ಹಿಸ್ಟಮಿನ್ ಕಡಿಮೆಯಾಗುವುದು ನಿಜ. ಆದರೆ ನುಂಗಿದ ಕ್ವೆರ್ಸೆಟಿನ್‌ನ ಬಹುಭಾಗವನ್ನು ಕರುಳು ಮತ್ತು ಯಕೃತ್ತು ಬೇರೆ ರೂಪಗಳಿಗೆ ಬದಲಿಸಿಬಿಡುವುದರಿಂದ, ಅಲ್ಲಿ ಕಂಡ ಪರಿಣಾಮವನ್ನು ಮನುಷ್ಯರಲ್ಲಿ ಅಷ್ಟೇ ಬಲವಾಗಿ ನಿರೀಕ್ಷಿಸಲಾಗದು. ರಕ್ತದೊತ್ತಡದ ವಿಷಯದಲ್ಲಿ ಮನುಷ್ಯರ ಮೇಲೆ ನಡೆದ ಪರೀಕ್ಷೆಗಳ ಆಧಾರ ಸ್ವಲ್ಪ ಗಟ್ಟಿಯಾಗಿದೆ. ದಿನಕ್ಕೆ 500 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟಾಗ ಮೇಲಿನ ಅಂಕಿಯಲ್ಲಿ ಸಣ್ಣ ಇಳಿಕೆ ಕಂಡುಬಂದಿದೆ. ವೈದ್ಯರು ಕೊಟ್ಟಿರುವ ಮಾತ್ರೆಯನ್ನು ನಿಲ್ಲಿಸಲು ಅದು ಖಂಡಿತ ಸಾಲದು.

ಉತ್ತರ 2:
ಆಹಾರದ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಈರುಳ್ಳಿಯಲ್ಲಿ ಕ್ವೆರ್ಸೆಟಿನ್ ಗ್ಲೂಕೋಸ್‌ನೊಂದಿಗೆ ಬೆಸೆದುಕೊಂಡಿರುವುದರಿಂದ, ಸೇಬು ಮತ್ತು ಚಹಾದಲ್ಲಿರುವುದಕ್ಕಿಂತ ಚೆನ್ನಾಗಿ ಹೀರಲ್ಪಡುತ್ತದೆ. ಹೊರಗಿನ ಪದರಗಳಲ್ಲೇ ಅದು ಹೆಚ್ಚು. ಒಣಸಿಪ್ಪೆಯ ಜೊತೆಗೆ ಎರಡು ದಪ್ಪ ಪದರಗಳನ್ನೂ ಕಿತ್ತೆಸೆದರೆ ಒಳ್ಳೆಯ ಭಾಗವೇ ಹೋಗುತ್ತದೆ. ಬೇಯಿಸಿದಾಗ ಒಂದಷ್ಟು ನೀರಿಗೆ ಇಳಿಯುವುದರಿಂದ ಆ ನೀರನ್ನು ಚೆಲ್ಲಬಾರದು. ಊಟದಿಂದ ದಿನಕ್ಕೆ ಸಿಗುವುದು ಸಾಮಾನ್ಯವಾಗಿ ಕೆಲವು ಹತ್ತು ಮಿಲಿಗ್ರಾಂ ಮಾತ್ರ. ಹಾಗಾಗಿ ಕ್ಯಾಪ್ಸೂಲನ್ನು ಆಹಾರದಂತೆ ನೋಡದೆ ಔಷಧಿಯಂತೆಯೇ ನೋಡಬೇಕು.

ಉತ್ತರ 3:
ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ವಾರ್ಫರಿನ್. ಅದನ್ನು ದೇಹದಲ್ಲಿ ಒಡೆಯುವ ಯಕೃತ್ತಿನ ಕಿಣ್ವವನ್ನು ಕ್ವೆರ್ಸೆಟಿನ್ ತಡೆಯಬಲ್ಲದೆಂದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಕಂಡಿದೆ. ಹಾಗಾದರೆ ರಕ್ತ ಅಗತ್ಯಕ್ಕಿಂತ ಹೆಚ್ಚು ತೆಳುವಾಗಿ ರಕ್ತಸ್ರಾವವಾಗುವ ಅಪಾಯವಿದೆ. ಸೈಕ್ಲೋಸ್ಪೊರಿನ್ (ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ) ತೆಗೆದುಕೊಳ್ಳುವವರಿಗೂ, ಮೂತ್ರಪಿಂಡದ ಕಾಯಿಲೆ ಇರುವವರಿಗೂ ಇದೇ ಎಚ್ಚರಿಕೆ ಬೇಕು. ದಯವಿಟ್ಟು ಈಗಲೇ ಶುರು ಮಾಡಬೇಡಿ. ಮುಂದಿನ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ನೋಡುವ) ಪರೀಕ್ಷೆಗೆ ಹೋಗುವಾಗ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ, ಅದರ ಮೇಲಿನ ಪ್ರಮಾಣವನ್ನೂ ಇತರ ಘಟಕಗಳನ್ನೂ ವೈದ್ಯರಿಗೆ ತೋರಿಸಿ. ಸೀನಿಗೆ ವಾರ್ಫರಿನ್ ಜೊತೆ ಹೊಂದುವ ಔಷಧಿಯನ್ನು ಅವರೇ ಸೂಚಿಸುತ್ತಾರೆ.