ಶುಗರ್ ಮಾತ್ರೆ ನುಂಗಿ ತಿಂಡಿ ಬಿಟ್ಟರೆ ಬೆವರು, ನಡುಕ ಯಾಕೆ?

ಪ್ರಶ್ನೆ, ತೀರ್ಥಹಳ್ಳಿಯಿಂದ: ನಮಸ್ತೆ ಡಾಕ್ಟ್ರೇ. ಅಪ್ಪನಿಗೆ ಶುಗರ್ ಇದೆ, ಬೆಳಿಗ್ಗೆ ಗ್ಲಿಮೆಪಿರೈಡ್ ತಗೊಳ್ತಾರೆ. ನಮ್ಮಲ್ಲೀಗ ಅಡಿಕೆ ಕೊಯ್ಲು. ನಿನ್ನೆ ಕೊನೆಗಾರರು ಬೇಗ ಬಂದರು ಅಂತ ಮಾತ್ರೆ ನುಂಗಿ, ತಿಂಡಿ ಬಿಟ್ಟು ತೋಟಕ್ಕಿಳಿದರು. ಹತ್ತು ಗಂಟೆಗೆ ಕೈ ನಡುಕ, ಮೈಯೆಲ್ಲಾ ತಣ್ಣನೆ ಬೆವರು. ಬೆಲ್ಲದ ನೀರು ಕುಡಿಸಿದ ಮೇಲೆ ಸುಧಾರಿಸಿಕೊಂಡರು. ಏನೂ ತಿನ್ನದಿದ್ದರೆ ಇನ್ಸುಲಿನ್ನೂ ಬರಬಾರದು ಅಲ್ವಾ?

ಉತ್ತರ: ಬೆಲ್ಲದ ನೀರು ಕೊಟ್ಟಿದ್ದು ಒಳ್ಳೆಯದಾಯಿತು. ಅದರ ಹಿಂದೆಯೇ ತಿಂಡಿಯನ್ನೂ ತಿನ್ನಿಸಬೇಕು. ಈ ಮಾತ್ರೆಯ ಪರಿಣಾಮ ಬೇಗ ಇಳಿಯುವುದಿಲ್ಲ, ಶುಗರ್ ಮತ್ತೆ ಕುಸಿಯಬಹುದು.

ನೀವು ಕೇಳಿದ್ದು ತುಂಬಾ ಸರಿಯಾದ ಪ್ರಶ್ನೆ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ ಇನ್ಸುಲಿನ್ ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿಕೊಂಡಿರುತ್ತದೆ. ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹೊರಗೆ ಹೋಗಲು ಬಾಗಿಲುಗಳಿವೆ. ಹೊಟ್ಟೆ ಖಾಲಿ ಇದ್ದಾಗ ಅವು ತೆರೆದಿರುತ್ತವೆ. ಪ್ಲಸ್ ಚಾರ್ಜ್ ಇರುವ ಪೊಟ್ಯಾಸಿಯಂ ಸೋರುತ್ತಲೇ ಇರುವುದರಿಂದ ಕೋಶದ ಒಳಗೆ ಸುಮಾರು ಮೈನಸ್ 70 ಮಿಲಿವೋಲ್ಟ್ ಇರುತ್ತದೆ. ಆಗ ಚೀಲಗಳು ಸುಮ್ನೆ ಕೂತಿರುತ್ತವೆ.

ಎರಡು ಅಕ್ಕಿ ರೊಟ್ಟಿ ತಿಂದಿರಿ ಅನ್ನಿ. ಗ್ಲೂಕೋಸ್ ಕೋಶದೊಳಗೆ ಹೋಗಿ ಒಡೆಯುತ್ತದೆ, ಆ ಶಕ್ತಿಯಿಂದ ಎಟಿಪಿ ಅನ್ನುವ, ಕೋಶದ ಕೆಲಸಕ್ಕೆ ಶಕ್ತಿ ಕೊಡುವ ಅಣು ತಯಾರಾಗುತ್ತದೆ. ಎಟಿಪಿ ಜಾಸ್ತಿಯಾದಂತೆ ಪೊಟ್ಯಾಸಿಯಂ ಬಾಗಿಲು ಮುಚ್ಚುತ್ತದೆ. ಸೋರಿಕೆ ನಿಂತು ವೋಲ್ಟೇಜ್ ಏರುತ್ತದೆ. ಆ ಏರಿಕೆಗೇ ಕ್ಯಾಲ್ಸಿಯಂ ಬಾಗಿಲು ತೆರೆಯುವುದು. ಹೊರಗಿನ ಕ್ಯಾಲ್ಸಿಯಂ ಒಳಗಿನದಕ್ಕಿಂತ ಸುಮಾರು 10,000 ಪಟ್ಟು ಜಾಸ್ತಿ. ಕೆರೆಯ ತೂಬು ಎತ್ತಿದ ಹಾಗೆ ನುಗ್ಗುತ್ತದೆ. ಅದು ಬಂದದ್ದೇ ತಡ, ಚೀಲಗಳು ಪೊರೆಗೆ ಬೆಸೆದುಕೊಂಡು ಇನ್ಸುಲಿನ್ ಹೊರಗೆ ಬಿಡುತ್ತವೆ.

ಗ್ಲಿಮೆಪಿರೈಡ್ ಗ್ಲೂಕೋಸಿಗೆ ಕಾಯದೆ ಅದೇ ಪೊಟ್ಯಾಸಿಯಂ ಬಾಗಿಲನ್ನು ಮುಚ್ಚಿಬಿಡುತ್ತದೆ. ಅಪ್ಪ ತಿಂಡಿ ತಿಂದಿಲ್ಲ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಹಾಗೆ ಬಂದ ಇನ್ಸುಲಿನ್ ರಕ್ತದ ಸಕ್ಕರೆ ಇಳಿಸಿದೆ, ಅದರ ಮೇಲೆ ತೋಟದ ಕೆಲಸವೂ ಸಕ್ಕರೆ ಎಳೆದುಕೊಂಡಿದೆ. ಶುಗರ್ ಹೀಗೆ ಕುಸಿದದ್ದಕ್ಕೇ ಆ ಬೆವರು, ನಡುಕ.

ಪ್ರಶ್ನೆ, ಸಾಗರದಿಂದ: ಹಾಗಾದರೆ ಕ್ಯಾಲ್ಸಿಯಂ ಮಾತ್ರೆ ತಿಂದರೆ ಇನ್ಸುಲಿನ್ ಜಾಸ್ತಿ ಬರುತ್ತಾ ಡಾಕ್ಟ್ರೇ?

ಉತ್ತರ: ಇಲ್ಲ. ಕೋಶದ ಹೊರಗೆ ಕ್ಯಾಲ್ಸಿಯಂ ಈಗಲೇ ಬೇಕಾದಷ್ಟಿದೆ, ಬಾಗಿಲು ತೆರೆಯಬೇಕಷ್ಟೆ. ಅದಕ್ಕೆ ಮೊದಲು ಪೊಟ್ಯಾಸಿಯಂ ಬಾಗಿಲು ಮುಚ್ಚಬೇಕು. ಕೆಲವು ಮಕ್ಕಳಿಗೆ ಹುಟ್ಟಿದ ಆರು ತಿಂಗಳೊಳಗೇ ಡಯಾಬಿಟಿಸ್ ಬರುತ್ತದೆ. ಅವರಲ್ಲಿ ಹಲವರಿಗೆ ಪೊಟ್ಯಾಸಿಯಂ ಬಾಗಿಲೇ ಸರಿಯಾಗಿ ಮುಚ್ಚುವುದಿಲ್ಲ ಅಂತ 2004ರಲ್ಲಿ ಗೊತ್ತಾಯಿತು. ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿದ್ದ ಅಂಥ ಎಷ್ಟೋ ಮಕ್ಕಳು ಗ್ಲಿಮೆಪಿರೈಡ್ ಜಾತಿಯ ಮಾತ್ರೆಗೆ ಬದಲಾದರು. ನನಗೆ ಈ ವಿಷಯ ನೆನೆದಾಗಲೆಲ್ಲ ಖುಷಿಯಾಗುತ್ತದೆ.

ತೀರ್ಥಹಳ್ಳಿಯವರು: ಥ್ಯಾಂಕ್ಸ್ ಡಾಕ್ಟ್ರೇ. ಹಾಗಾದರೆ ಕೊಯ್ಲು ಮುಗಿಯುವವರೆಗೆ ಮಾತ್ರೆ ನಿಲ್ಲಿಸಲಾ?

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಮೊದಲು ತಟ್ಟೆ ಮುಂದೆ ಕೂರಿಸಿ, ಆಮೇಲೆ ಮಾತ್ರೆ ಕೈಗೆ ಕೊಡಿ. ತೋಟಕ್ಕೆ ಹೋಗುವಾಗ ಜೇಬಿನಲ್ಲಿ ಒಂದು ಬೆಲ್ಲದ ಚೂರಿರಲಿ. ನಿನ್ನೆ ಆದದ್ದನ್ನು ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಈ ವಾರವೇ ಹೇಳಿ, ಡೋಸ್ ಕಡಿಮೆ ಮಾಡಬೇಕಾಗಬಹುದು.